ಸ್ಥಿತಿಸ್ಥಾಪಕತ್ವವೂ ಬಳುಕೂ: ಶಾಸ್ತ್ರಪರಿಭಾಷೆಯ ಒಂದು ವಿಮರ್ಶೆ

ಹೈದರಾಬಾದಿನ ತಾರ್ನಾಕಕ್ಕೆ ಆ ಹೆಸರು ಬಂದುದು ತಂತಿಬೇಲಿಯ ಬಳಿಯಿದ್ದ ಒಂದು ಕಾವಲುಠಾಣೆಯಿಂದ ಎಂದು ಹೇಳುವುದುಂಟು: ‘ತಾರ್’ ಎಂದರೆ ತಂತಿ, ‘ನಾಕಾ’ ಎಂದರೆ ಠಾಣೆ. ಆ ಬೇಲಿ ಈಗಿಲ್ಲ. ಒಂದು ಮಗ್ಗುಲಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ. ಇನ್ನೊಂದು ಮಗ್ಗುಲಲ್ಲಿ, 1944ರಲ್ಲಿ ಆರಂಭವಾಗಿ 1956ರಲ್ಲಿ ಪ್ರಾದೇಶಿಕ ಸಂಶೋಧನಾಲಯವೆನಿಸಿ, ಈಗ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆಂಬ ಹೆಸರು ತಳೆದಿರುವ ಪ್ರಯೋಗಶಾಲೆ. ಅನತಿದೂರದಲ್ಲಿ 1961ರಲ್ಲಿ ಸ್ಥಾಪಿತವಾದ ಭೂಭೌತ ಸಂಶೋಧನ ಸಂಸ್ಥೆ. ಇಂಥ ಸಂಸ್ಥೆಗಳಲ್ಲಿ ದುಡಿಯುವ ಕನ್ನಡಿಗನು ಹಗಲೆಲ್ಲ ಇಂಗ್ಲಿಷಿನಲ್ಲಿ ಯೋಚಿಸಿ, ಸಂಜೆ ಮನೆಯವರು ‘ಈ ಹೊತ್ತು ಏನು ಮಾಡಿದಿರಿ?’ ಎಂದು ಕೇಳಿದರೆ ತಡವರಿಸುವನು. ಅವನ ಬಳಿ ಶಬ್ದಗಳಿಲ್ಲವೆಂದಲ್ಲ. ನಿಘಂಟಿನಲ್ಲಿ ಅವು ಹೇರಳವಾಗಿವೆ. ಆದರೆ ಅವುಗಳಲ್ಲಿ ಹಲವು ಒಂದು ಶಾಸ್ತ್ರದ ಬೇಲಿಯನ್ನು ದಾಟಿ ಇನ್ನೊಂದಕ್ಕೆ ಹೋದೊಡನೆ ಸುಳ್ಳಾಡತೊಡಗುತ್ತವೆ.

ಈ ಸಮಸ್ಯೆಯನ್ನು ಪರಿಶೀಲಿಸಲು ತಾರ್ನಾಕಕ್ಕಿಂತ ತಕ್ಕ ಸ್ಥಳ ದುರ್ಲಭ. ದೇಶಭಾಷೆಯೊಂದರಲ್ಲಿ ಸಮಸ್ತ ಶಾಸ್ತ್ರಗಳನ್ನೂ ಬೋಧಿಸುವ ಮಹಾಪ್ರಯತ್ನ ನಡೆದದ್ದು ಇಲ್ಲಿಯ ವಿಶ್ವವಿದ್ಯಾಲಯದಲ್ಲಿಯೇ. 1917ರಲ್ಲಿ ನಿಜಾಮ ಸರ್ಕಾರವು ಭಾಷಾಂತರ ವಿಭಾಗವೊಂದನ್ನು ತೆರೆಯಿತು. ಮರುವರ್ಷ ಉರ್ದುಮಾಧ್ಯಮದ ಉಸ್ಮಾನಿಯಾ ಸ್ಥಾಪಿತವಾಯಿತು. ನಿಜಾಮಿಯಾ ವೀಕ್ಷಣಾಲಯವೂ 1919ರಲ್ಲಿ ಅದರ ಆಡಳಿತಕ್ಕೆ ಸೇರಿತು. ಅದೇ 1918ರಲ್ಲಿ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅದು ಎರಡು ವರ್ಷ ನಡೆದು ನಿಂತಿತು. ಒಂದೆಡೆ ರಾಜಬೊಕ್ಕಸ, ಮತ್ತೊಂದೆಡೆ ಅಧ್ಯಾಪಕರಿಬ್ಬರ ಉತ್ಸಾಹ. ಹೋಲಿಕೆಯೇ ಅನ್ಯಾಯವೆಂದು ತೋರಬಹುದು. ಉಸ್ಮಾನಿಯಾದ ಪ್ರಯೋಗವನ್ನು ಹೊಗಳುವ ಮುನ್ನ ಬೀದರ, ಕಲಬುರ್ಗಿ, ರಾಯಚೂರುಗಳಿಂದ ಬಂದ ಕನ್ನಡದ ಹುಡುಗರಿಗೆ ಆ ‘ದೇಶಭಾಷೆ’ಯೂ ಪರಭಾಷೆಯೇ ಆಗಿದ್ದಿತೆಂಬುದನ್ನು ಮರೆಯಲಾಗದು. 1948ರ ತರುವಾಯ ಮಾಧ್ಯಮ ಇಂಗ್ಲಿಷಾಯಿತು. ಅದು ಬಿದ್ದುದು ರಾಜ್ಯದ ಪತನದಿಂದಲೇ ಹೊರತು ಶಬ್ದಗಳ ದೋಷದಿಂದಲ್ಲ.

ಆ ಶಬ್ದಗಳ ಹಿಂದೆ ವಾದವೊಂದಿತ್ತು. ಪರಿಭಾಷೆಯೆಲ್ಲ ಅರಬ್ಬಿಯಿಂದಲೇ ಬರಬೇಕೆಂದು ಒಂದು ಪಕ್ಷ. ಉರ್ದುವಿನ ಸ್ವಭಾವಕ್ಕೆ ಒಪ್ಪುವ ಹಿಂದಿ ಮೂಲದ ಶಬ್ದಗಳನ್ನೂ ಬಳಸಬೇಕೆಂದು ಇನ್ನೊಂದು. ಎರಡನೆಯ ಪಕ್ಷವನ್ನು ಹಿಡಿದ ವಹೀದುದ್ದೀನ್ ಸಲೀಮರು 1921ರಲ್ಲಿ ಪರಿಭಾಷಾರಚನೆಯನ್ನೇ ಕುರಿತು ‘ವಜ಼ಏ ಇಸ್ತಿಲಾಹಾತ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಅರಬ್ಬಿಯ ಸ್ಥಾನದಲ್ಲಿ ಸಂಸ್ಕೃತವನ್ನಿಟ್ಟರೆ ಇದು ಕನ್ನಡದ ವಾದವೇ.

ಒಂದೇ ಶಬ್ದವನ್ನು ಹಿಡಿದು ನೋಡಬಹುದು. ಕನ್ನಡದ ಭೌತವಿಜ್ಞಾನ ಪುಸ್ತಕಗಳಲ್ಲಿ ‘ಸ್ಥಿತಿಸ್ಥಾಪಕತ್ವ’ವೆಂಬ ಮಾತು ನೆಲೆಗೊಂಡಿದೆ. ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ವೈಶೇಷಿಕರು ಹೇಳುವ ಮೂರು ಸಂಸ್ಕಾರಗಳಲ್ಲಿ ವೇಗ, ಭಾವನಾ ಎಂಬವುಗಳ ಜೊತೆಯಲ್ಲಿ ಸ್ಥಿತಿಸ್ಥಾಪಕವೂ ಒಂದು. ಬಾಗಿಸಿದ ವಸ್ತು ಬಿಟ್ಟೊಡನೆ ಮೊದಲಿನ ನಿಲವಿಗೆ ಮರಳುವ ಗುಣ ಅದು. ರಾಬರ್ಟ್ ಹುಕ್ 1678ರಲ್ಲಿ, ಎಳೆತವು ಬಲಕ್ಕೆ ಅನುಪಾತದಲ್ಲಿರುವುದೆಂಬ ನಿಯಮವನ್ನು ವಿವರಿಸಿದಾಗ ಅವನ ಕಣ್ಣ ಮುಂದಿದ್ದ ಗುಣವೂ ಇದೇ. ಉಕ್ಕಿನ ತಂತಿಯನ್ನು ಎಳೆದು, ಬಿಟ್ಟು, ಅಳೆಯುವ ವಸ್ತುವಿಜ್ಞಾನಿಗೆ ಇದಕ್ಕಿಂತ ಖಚಿತವಾದ ಶಬ್ದ ಬೇಡ. ಇಲ್ಲಿ ಭಾಷಾಂತರಕಾರರ ಪಾಂಡಿತ್ಯಕ್ಕೆ ತಲೆಬಾಗಲೇಬೇಕು.

ಆದರೆ ಇದೇ ಶಬ್ದವನ್ನು ಅರ್ಥಶಾಸ್ತ್ರದ ಕನ್ನಡ ಪಠ್ಯಗಳು ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’ವೆಂದು ಹಾಗೆಯೇ ಎತ್ತಿಕೊಂಡಿವೆ. ಆಲ್ಫ್ರೆಡ್ ಮಾರ್ಷಲ್ 1890ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ಈ ಭಾವನೆಯಲ್ಲಿ ಮರಳುವ ಮಾತೇ ಇಲ್ಲ. ಬೆಲೆ ಶೇಕಡ 10ರಷ್ಟು ಏರಿದಾಗ ಕೊಳ್ಳುವ ಪ್ರಮಾಣ ಶೇಕಡ 20ರಷ್ಟು ಇಳಿದರೆ ಅದರ ಅಳತೆ 2; ಉಪ್ಪಿನ ಬೆಲೆ ಏರಿದರೂ ಯಾರೂ ಉಪ್ಪು ಬಿಡರು, ಅಲ್ಲಿ ಅಳತೆ ಸೊನ್ನೆಯ ಹತ್ತಿರ. ಬೆಲೆಗೆ ಬೇಡಿಕೆ ಎಷ್ಟು ಮಣಿಯುತ್ತದೆ ಎಂಬುದಷ್ಟೆ ಪ್ರಶ್ನೆ. ಇಂಗ್ಲಿಷಿನ ‘ಎಲಾಸ್ಟಿಕ್’ ಶಬ್ದಕ್ಕೆ ಜನಬಳಕೆಯಲ್ಲಿ ಹಿಗ್ಗುವ, ಬಗ್ಗುವ ಎಂಬ ಸಡಿಲವಾದ ಅರ್ಥವಿದ್ದುದರಿಂದ ಮಾರ್ಷಲನ ರೂಪಕ ನಡೆಯಿತು. ಕನ್ನಡದ ಸಮಾಸವಾದರೋ ತನ್ನ ಅರ್ಥವನ್ನು ಹಣೆಯಲ್ಲಿಯೇ ಬರೆದುಕೊಂಡಿದೆ. ಅದನ್ನು ಓದುವ ವಿದ್ಯಾರ್ಥಿ, ಬೇಡಿಕೆಯು ಕೊನೆಗೆ ಪೂರ್ವಸ್ಥಿತಿಗೆ ಬರುವುದೆಂದು ತಿಳಿದರೆ ತಪ್ಪು ಅವನದಲ್ಲ. ಅವನು ಕನ್ನಡವನ್ನು ಸರಿಯಾಗಿಯೇ ಓದಿದ್ದಾನೆ. ಒಂದು ಶಾಸ್ತ್ರದಲ್ಲಿ ಗುಣವಾದ ಪಾರದರ್ಶಕತೆ ಮತ್ತೊಂದರಲ್ಲಿ ದೋಷವಾಯಿತು. ಭಾಷಾಂತರವಾದದ್ದು ಇಂಗ್ಲಿಷಿನ ಶಬ್ದ, ವಿಷಯವಲ್ಲ.

ಉರ್ದುವಿನ ಅರ್ಥಶಾಸ್ತ್ರ ಪುಸ್ತಕಗಳು ಇದಕ್ಕೆ ‘ತಲಬ್ ಕೀ ಲಚಕ್’ ಎನ್ನುತ್ತವೆ. ‘ಲಚಕ್’ ಅರಬ್ಬಿಯದಲ್ಲ, ಮನೆಯ ಮಾತು. ಕೊಂಬೆಯೂ ನಡುವೂ ಬಾಗುವ ಬಗೆಗೆ ಹೇಳುವಂಥದು. ಸಲೀಮರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಕನ್ನಡದಲ್ಲಿಯೂ ಅದರ ಸರಿಜೋಡಿ ‘ಬಳುಕು’ ಇದ್ದೇ ಇದೆ. ‘ಬೇಡಿಕೆಯ ಬಳುಕು’, ‘ಬಳುಕದ ಬೇಡಿಕೆ’ ಎಂದರೆ ಅಂಗಡಿಯಾತನಿಗೂ ಅರ್ಥವಾದೀತು. ಇದು ಶೃಂಗಾರಕಾವ್ಯದ ಶಬ್ದವೆಂದು ಪಂಡಿತರು ಮೂಗು ಮುರಿಯಬಹುದು. ಲಚಕ್‌ಗೂ ಆ ಕಳಂಕವಿದ್ದಿತು. ತಂತಿಗೆ ಸ್ಥಿತಿಸ್ಥಾಪಕತ್ವವಿರಲಿ, ಬೇಡಿಕೆಗೆ ಅದು ಬೇಡ.

ಖಭೌತವಿಜ್ಞಾನದಲ್ಲಿ ಇಂಥದೇ ತೊಡಕು ಇನ್ನೂ ವಿಚಿತ್ರವಾಗಿದೆ. ನಕ್ಷತ್ರಗಳನ್ನು ಅಭ್ಯಸಿಸುವವರು ಜಲಜನಕ, ಹೀಲಿಯಂಗಳಿಗಿಂತ ಭಾರವಾದ ಧಾತುಗಳೆಲ್ಲವನ್ನೂ ‘ಲೋಹ’ಗಳೆಂದು ಕರೆಯುವ ರೂಢಿಯಿದೆ. ಸೂರ್ಯನಲ್ಲಿ ಇಂಥವುಗಳ ಪಾಲು ತೂಕದಲ್ಲಿ ಶೇಕಡ 2ಕ್ಕಿಂತ ಕಡಮೆ. ಅದರಲ್ಲಿಯೂ ಮೊದಲ ಸ್ಥಾನ ಆಮ್ಲಜನಕದ್ದು. ನಿಜಾಮಿಯಾದ ಪರಂಪರೆಯನ್ನು ಮುಂದುವರಿಸಿದ ಜಪಾಲ್-ರಂಗಾಪುರದ ವೀಕ್ಷಣಾಲಯದಲ್ಲಿ 1968ರಲ್ಲಿ 48 ಅಂಗುಲದ ದೂರದರ್ಶಕವನ್ನು ಸ್ಥಾಪಿಸಲಾಯಿತು. ಅಂಥಲ್ಲಿ ನಡೆಯುವ ಕೆಲಸವನ್ನು ಕನ್ನಡದಲ್ಲಿ ವರದಿ ಮಾಡುವವರು ‘ಲೋಹೀಯತೆ’ ಎಂದು ಬರೆದರೆ, ನಗರದ ಮತ್ತೊಂದು ಅಂಚಿನ ಲೋಹವಿಜ್ಞಾನಿ ಆಮ್ಲಜನಕವು ಎಂದು ಲೋಹವಾಯಿತೆಂದು ನಗುವನು. ‘ಗುರುಧಾತುಗಳ ಪ್ರಮಾಣ’ ಎನ್ನುವುದು ತುಸು ಉದ್ದವಾದರೂ ನಿಜವಾದ ಮಾತು. ಇನ್ನು ‘ಸೂರ್ಯನ ದ್ರವ್ಯರಾಶಿ’ ಎಂಬುದನ್ನು ಕೇಳಿ ಲೇವಾದೇವಿಯವನೊಬ್ಬನು ಹೊನ್ನಿನ ಗುಡ್ಡೆಯನ್ನು ನೆನೆದರೆ ಅವನನ್ನೂ ದೂರಲಾಗದು. ‘ದ್ರವ್ಯ’ಕ್ಕೆ ಕನ್ನಡದಲ್ಲಿ ಆ ಅರ್ಥವೂ ಇದೆ.

ಹಾಗೆಂದು ಎಲ್ಲವೂ ಕೆಟ್ಟಿಲ್ಲ. ‘ಹಣದುಬ್ಬರ’ವನ್ನು ನೋಡಬೇಕು. ಕಡಲ ಕರೆಯವರು ಚಂದ್ರನ ಸೆಳೆತಕ್ಕೆ ಏರುವ ನೀರಿಗೆ ‘ಉಬ್ಬರ’ವೆನ್ನುತ್ತಾರೆ. ಆ ಮಾತಿಗೆ ಹಣವನ್ನು ಸೇರಿಸಿದ ಈ ಶಬ್ದವನ್ನು ವೃತ್ತಪತ್ರಿಕೆ ಓದುವ ಯಾವ ಗೃಹಿಣಿಗೂ ವಿವರಿಸಬೇಕಾಗಿಲ್ಲ. 1981ರಲ್ಲಿ ಅಲನ್ ಗುತ್, ವಿಶ್ವವು ತನ್ನ ಆದಿಯ ಅತ್ಯಲ್ಪ ಕ್ಷಣದಲ್ಲಿ ಅಪಾರ ವೇಗದಿಂದ ಹಿಗ್ಗಿತೆಂಬ ವಾದವನ್ನು ಪ್ರಕಟಿಸಿದಾಗ ಅದಕ್ಕಿಟ್ಟ ಹೆಸರು ಇಂಗ್ಲಿಷಿನಲ್ಲಿ ಹಣದುಬ್ಬರಕ್ಕೆ ಇರುವ ಹೆಸರೇ. ಕನ್ನಡದಲ್ಲಿ ಅದನ್ನು ‘ವಿಶ್ವದ ಉಬ್ಬರ’ವೆಂದರೆ ಸಾಕು. ಹಿಗ್ಗುವುದು ಇಲ್ಲಿಯೂ ಉಂಟು; ಶಬ್ದವು ಸುಳ್ಳಾಡದೆ ಕರಾವಳಿಯಿಂದ ಪೇಟೆಗೂ ಪೇಟೆಯಿಂದ ನಕ್ಷತ್ರಗಳಾಚೆಗೂ ಹೋಗಿಬರುತ್ತದೆ.