9900ರ ಮೋಹ, ಆಂಪಿಯರಿನ ಲೆಕ್ಕ

9900 ಎಂಎಎಚ್‌ನ 18650 ಎಂಬ, ಚಾರ್ಜ್ ಮಾಡಿ ಬಳಸುವ ಟಾರ್ಚ್ ಶೆಲ್ಲು ಭೂಮಿಯ ಮೇಲೆ ಎಲ್ಲೂ ಇಲ್ಲ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಡಬ್ಬಿಯೊಳಗೆ ಜಪಾನ್, ಕೊರಿಯಾದ ಘಟಾನುಘಟಿಗಳು ಹೆಣಗಾಡಿ ತುಂಬಿಸಿರುವುದೇ 3500ರ ಆಸುಪಾಸು. ಆದರೂ 9900 ಎಂದು ಮೈಮೇಲೆ ದಪ್ಪಕ್ಷರದಲ್ಲಿ ಬರೆಸಿಕೊಂಡ ಶೆಲ್ಲುಗಳು ಸಂತೆಯಲ್ಲೂ ಸಿಗುತ್ತವೆ, ಮೊಬೈಲ್ ಪರದೆಯ ಮೇಲೂ ಸಿಗುತ್ತವೆ. ಟಾರ್ಚ್ ಹುಚ್ಚಿನವರು ಮನೆಯಲ್ಲೊಂದು ಪುಟ್ಟ ತಕ್ಕಡಿ ಇಟ್ಟುಕೊಳ್ಳುವುದು ಇದಕ್ಕೇ. ಅಸಲಿ ಶೆಲ್ಲು ಸುಮಾರು 45ರಿಂದ 48 ಗ್ರಾಂ ತೂಗುತ್ತದೆ. ತೀರಾ ಹಗುರವಾಗಿದ್ದರೆ ಅನುಮಾನಿಸಿ. ಅಂಥದ್ದನ್ನು ಕೊಯ್ದು ನೋಡಿದವರಿಗೆ ಒಳಗೆ ಮರಿ ಶೆಲ್ಲೊಂದು, ಉಳಿದ ಜಾಗಕ್ಕೆ ಪುಡಿ ಸಿಕ್ಕಿದ್ದೂ ಉಂಟು. (ನೀವು ಕೊಯ್ಯಲು ಹೋಗಬೇಡಿ.)

ಈ ಮೋಸದಲ್ಲಿ ಹೋಗುವುದು ದುಡ್ಡು. ಬೆಂಕಿ ಹುಟ್ಟುವುದು ನಾವು ಅಂಗಡಿಯಲ್ಲಿ ಕೇಳದೇ ಬಿಡುವ ಇನ್ನೊಂದು ಅಂಕಿಯಲ್ಲಿ. ಎಂಎಎಚ್ ಹೇಳುವುದು ಶೆಲ್ಲು ಎಷ್ಟು ಹೊತ್ತು ಬಾಳುತ್ತದೆ ಎಂದು. ಒಂದೇ ಸಮನೆ ಎಷ್ಟು ಕರೆಂಟ್ ಎಳೆದರೆ ಅದು ತಡೆದುಕೊಳ್ಳುತ್ತದೆ ಎನ್ನುವುದನ್ನು ಹೇಳುವುದು ಆಂಪಿಯರ್. ಸ್ಯಾಮ್‌ಸಂಗ್‌ನದೇ ಎರಡು ಶೆಲ್ಲು ನೋಡಿ. 35ಇ 3500 ಎಂಎಎಚ್‌ನದು, ಅದರ ಮಿತಿ 8 ಆಂಪಿಯರ್. 20ಎಸ್‌ನಲ್ಲಿ 2000 ಎಂಎಎಚ್ ಮಾತ್ರ, ಆದರೆ 30 ಆಂಪಿಯರ್ ಎಳೆದರೂ ಜಗ್ಗುವುದಿಲ್ಲ. ಅಳತೆ ಒಂದೇ, ಕಂಪನಿ ಒಂದೇ. ವ್ಯತ್ಯಾಸವಿರುವುದು ಒಳಗೆ ಸುರುಳಿ ಸುತ್ತಿದ ಲೋಹದ ಹಾಳೆಗಳ ಲೇಪನದಲ್ಲಿ. ಲೇಪ ದಪ್ಪಗಿದ್ದರೆ ಹೆಚ್ಚು ಶಕ್ತಿ ಹಿಡಿಯುತ್ತದೆ, ಆದರೆ ಅಯಾನುಗಳ ಓಡಾಟ ನಿಧಾನ. ತೆಳುವಾಗಿದ್ದರೆ ಓಡಾಟ ಸಲೀಸು, ದಾಸ್ತಾನು ಕಮ್ಮಿ. ಎರಡರಲ್ಲೂ ಗೆಲ್ಲುವ ಶೆಲ್ಲು ನಮ್ಮಲ್ಲಿದೆ ಎನ್ನುವವನ ಅಂಗಡಿಯಿಂದ ಹೊರಗೆ ಬನ್ನಿ.

ಟಾರ್ಚಿನವರಾದ ನಾವು ಈ ಜ್ಞಾನದ ದೊಡ್ಡ ಪಾಲನ್ನು ಕಡ ತಂದಿರುವುದು ಅಮೆರಿಕ, ಇಂಗ್ಲೆಂಡಿನ ವೇಪ್ (ಇ-ಸಿಗರೇಟ್) ಸೇದುವವರಿಂದ. ಆ ಚಟದ ಬಗ್ಗೆ ನನಗೆ ಒಲವಿಲ್ಲ. ಕರ್ನಾಟಕ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧಿಸಿತು, 2019ರಲ್ಲಿ ದೇಶಕ್ಕೇ ಕಾಯ್ದೆ ಬಂತು, ಒಳ್ಳೆಯದೇ ಆಯಿತು. ಆದರೆ ಶೆಲ್ಲಿನ ಸಂಕಟವನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಅವರ ‘ಮೆಕ್ಯಾನಿಕಲ್ ಮಾಡ್’ ಎಂಬ ಸಾಧನದಲ್ಲಿ ಸರ್ಕ್ಯೂಟೇ ಇಲ್ಲ: ಲೋಹದ ಕೊಳವೆ, ಒಂದು ಗುಂಡಿ, ತಂತಿಯ ಸುರುಳಿ, ಶೆಲ್ಲು, ಅಷ್ಟೆ. ಪೂರ್ತಿ ಚಾರ್ಜಾದ ಶೆಲ್ಲು 4.2 ವೋಲ್ಟ್, ಸುರುಳಿಯ ರೋಧ 0.2 ಓಮ್ ಆದರೆ ಹರಿಯುವುದು 21 ಆಂಪಿಯರ್. ಇನ್ನಷ್ಟು ಆವಿ ಬರಲಿ ಎಂದು 0.1 ಓಮ್‌ಗೆ ಇಳಿಸಿದರೆ ಓಮನ ನಿಯಮ 42 ಕೇಳುತ್ತದೆ. ಹೈಸ್ಕೂಲಿನ ಭಾಗಾಕಾರ, ತಪ್ಪಿದರೆ ಮುಖದ ಮುಂದೆ ಸ್ಫೋಟ. 2018ರ ಮೇ ತಿಂಗಳಲ್ಲಿ ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಒಬ್ಬರು ವೇಪ್ ಸಿಡಿದೇ ಸತ್ತರು. 2009ರಿಂದ 2016ರ ಕೊನೆಯವರೆಗೆ ಇಂಥ 195 ಬೆಂಕಿ, ಸ್ಫೋಟಗಳನ್ನು ಅಮೆರಿಕದ ಅಗ್ನಿಶಾಮಕ ಆಡಳಿತ ಪಟ್ಟಿ ಮಾಡಿತ್ತು.

ಸರ್ಕ್ಯೂಟ್ ಇದ್ದರೆ ನಿಶ್ಚಿಂತೆ ಅಂದುಕೊಂಡಿರಾ? ಅಲ್ಲೊಂದು ತಿರುವಿದೆ, ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದದ್ದೂ ಅದೇ. ಸರ್ಕ್ಯೂಟಿಗೆ 80 ವ್ಯಾಟ್ ಎಂದು ಹೇಳಿದರೆ 80 ವ್ಯಾಟನ್ನೇ ಕೊಡುತ್ತೇನೆಂದು ಅದು ಹಟ ಹಿಡಿಯುತ್ತದೆ. ಅದರ ದಕ್ಷತೆ ಶೇ 90 ಎಂದಿಟ್ಟುಕೊಂಡರೆ, ಶೆಲ್ಲು 4.1 ವೋಲ್ಟ್‌ನಲ್ಲಿದ್ದಾಗ ಎಳೆಯುವುದು ಸುಮಾರು 22 ಆಂಪಿಯರ್, 3.2ಕ್ಕೆ ಇಳಿದಾಗ 28. ಸುಸ್ತಾದಷ್ಟೂ ಹೆಚ್ಚು ದುಡಿಸುವ ಯಜಮಾನ! ಶೆಲ್ಲಿನ ವೋಲ್ಟೇಜ್ ಏರಿಸಿ ಕೊಡುವ ನಮ್ಮ ಬೂಸ್ಟ್ ಡ್ರೈವರ್ ಟಾರ್ಚುಗಳ ಬುದ್ಧಿಯೂ ಇದೇ: 30 ವ್ಯಾಟಿನ ಎಲ್‌ಇಡಿಗೆ ಶುರುವಿನಲ್ಲಿ 8 ಆಂಪಿಯರ್, ಕೊನೆಗೆ 3 ವೋಲ್ಟ್ ತಲುಪಿದಾಗ 11. ಹೊಸತಾಗಿ ಚಾರ್ಜ್ ಮಾಡಿದಾಗ ತಣ್ಣಗಿದ್ದ ಟಾರ್ಚು ಮುಗಿಯುವ ಹೊತ್ತಿಗೆ 35ಇಯಂಥ ಶೆಲ್ಲಿನ ಮಿತಿ ದಾಟಿರುತ್ತದೆ. ಎಫ್‌ಇಟಿ ಡ್ರೈವರಿನ ಟಾರ್ಚುಗಳದು ತದ್ವಿರುದ್ಧ. 2017ರಲ್ಲಿ ಬಂದ ಎಮಿಸಾರ್ ಡಿ4 ಥರದವು ಟರ್ಬೋ ಬೆಳಕಿನಲ್ಲಿ ಶೆಲ್ಲನ್ನು ಎಲ್‌ಇಡಿಗೆ ನೇರ ಜೋಡಿಸಿ ಕೈಬಿಡುತ್ತವೆ. ಚಾರ್ಜ್ ತುಂಬಿದ್ದಾಗಲೇ ಅವುಗಳ ಆರ್ಭಟ ಹೆಚ್ಚು.

ಮಿತಿ ದಾಟಿದರೆ ಆಗುವುದು ಬಿಸಿ, ಅದೂ ಕರೆಂಟಿನ ವರ್ಗದ ಲೆಕ್ಕದಲ್ಲಿ. ಒಳರೋಧ 25 ಮಿಲಿಓಮ್ ಇರುವ ಒಳ್ಳೆಯ ಶೆಲ್ಲಿನಿಂದ 15 ಆಂಪಿಯರ್ ಎಳೆದರೆ ಅದರ ಹೊಟ್ಟೆಯೊಳಗೇ ಐದೂವರೆ ವ್ಯಾಟ್ ಸುಡುತ್ತದೆ. 30 ಎಳೆದರೆ ಇಪ್ಪತ್ತೆರಡೂವರೆ. ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ, ಹೊಸ ಪ್ಲಾಸ್ಟಿಕ್ ಸ್ಲೀವ್ ತೊಡಿಸಿ ಮಾರುವ ಶೆಲ್ಲುಗಳ ಒಳರೋಧ ಇದರ ದುಪ್ಪಟ್ಟು ಮೀರಿದ್ದರೂ ಅಚ್ಚರಿಯಿಲ್ಲ. ಚಾರ್ಜಿಂಗ್ ಎಮರ್ಜೆನ್ಸಿ ಲೈಟಿಗೆ ಅವು ಸಾಕು, ಟಾರ್ಚಿಗೆ ಬೇಡ.

ಸ್ಲೀವ್ ಎಂದಾಗ ನೆನಪಾಯಿತು. ಶೆಲ್ಲಿನ ಇಡೀ ಡಬ್ಬಿಯೇ ಮೈನಸ್. ಪ್ಲಸ್ ಗುಂಡಿಯ ಸುತ್ತಲಿನ ಅಂಚೂ ಮೈನಸ್ಸೇ. ಎರಡರ ನಡುವೆ ಇರುವುದು ಒಂದು ಕಾಗದದ ಬಿಲ್ಲೆ, ಕೂದಲೆಳೆ ದಪ್ಪದ ಪ್ಲಾಸ್ಟಿಕ್. ಅದು ಹರಿದ ಶೆಲ್ಲನ್ನು ಬೀಗದ ಕೈ, ಚಿಲ್ಲರೆ ಕಾಸಿನ ಜತೆ ಜೇಬಿಗಿಳಿಸಿದರೆ ಶಾರ್ಟ್ ಆಗಲು ನೆಪವೇ ಬೇಡ. ಅಮೆರಿಕದ ಆ 195 ವೇಪ್ ಅವಘಡಗಳಲ್ಲಿ 61 ನಡೆದದ್ದು ಜೇಬಿನಲ್ಲೇ. ಬಿಡಿ ಶೆಲ್ಲಿಗೆ ಪ್ಲಾಸ್ಟಿಕ್ ಡಬ್ಬಿ ಕಡ್ಡಾಯ. ಟಾರ್ಚನ್ನು ಬ್ಯಾಗಿಗೆ ಹಾಕುವಾಗ ಹಿಂದಿನ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ. ಆನೊಡೈಸ್ ಮಾಡಿದ ಮರೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಗುಂಡಿ ಒತ್ತಿಹೋದರೂ ಉರಿಯದು.

ರಾತ್ರಿ ಪಂಪ್‌ಸೆಟ್ಟಿಗೋ ಅಡಿಕೆ ತೋಟಕ್ಕೋ ಹೋಗುವವರಿಗೆ ಈ ಆಂಪಿಯರ್ ಜೂಟಾಟವೇ ಬೇಡ. ಸಾಧಾರಣ ಬೆಳಕಿನ ಟಾರ್ಚು, ತಳದಲ್ಲಿ ರಕ್ಷಣಾ ಸರ್ಕ್ಯೂಟ್ ಕೂರಿಸಿದ 3500ರ ಶೆಲ್ಲು ಸಾಕು. ಅದು ಮಾಮೂಲಿ ಶೆಲ್ಲಿಗಿಂತ ನಾಲ್ಕೈದು ಮಿಲಿಮೀಟರ್ ಉದ್ದ ಇರುತ್ತದೆ, ಕೊಳ್ಳುವಾಗ ಟಾರ್ಚಿನೊಳಗೆ ಹಾಕಿ ನೋಡಿ. ಎರಡು ಶೆಲ್ಲನ್ನು ಸಾಲಾಗಿ ಹಾಕುವ ಟಾರ್ಚಿದ್ದರೆ ಒಂದೇ ದಿನ ಕೊಂಡ ಜೋಡಿಗೆ ಮಾರ್ಕರಿನಲ್ಲಿ ಗುರುತು ಹಾಕಿಟ್ಟು, ಒಂದು ಸೋತ ದಿನ ಎರಡನ್ನೂ ಬದಲಿಸಿ. ಹೊಸದರ ಪಕ್ಕ ಹಳತನ್ನು ಕೂರಿಸಿದರೆ ಹಳತು ಮೊದಲೇ ಬರಿದಾಗಿ, ಹೊಸದು ಅದರೊಳಗೆ ಕರೆಂಟ್ ನೂಕುತ್ತಲೇ ಹೋಗಿ ಅದನ್ನು ಉಲ್ಟಾ ಚಾರ್ಜ್ ಮಾಡುತ್ತದೆ. ಚಾರ್ಜರುಗಳ ಕತೆ ಇದಕ್ಕಿಂತ ಉದ್ದ, ಅದು ಮುಂದಿನ ವಾರಕ್ಕೆ.