ಆಕರದ ಬೇರು ಎಲ್ಲಿದೆ? ಪಾರ್ತಿಸುಬ್ಬನ ಚರ್ಚೆಯಿಂದ ಒಂದು ಪಾಠ

ಸಂಶೋಧನಾ ವಿಧಾನದ ತರಗತಿಯಲ್ಲಿ ನಮಗೆ ಅಡಿಟಿಪ್ಪಣಿ ಹಾಕುವ ಕ್ರಮ ಚೆನ್ನಾಗಿಯೇ ಕಲಿಸ್ತಾರೆ. ಲೇಖಕ, ವರ್ಷ, ಪುಟ ಎಲ್ಲ ಸರಿ. ಆದರೆ ಆ ಪುಟದ ಮಾತು ಎಲ್ಲಿಂದ ಬಂತು ಅಂತ ಕೇಳುವ ಅಭ್ಯಾಸ ಮಾತ್ರ ಬೆಳೆಯುವುದಿಲ್ಲ. ಇದಕ್ಕೆ ಕಾಸರಗೋಡಿನದೇ ಒಂದು ಉದಾಹರಣೆ ತೆಗೆದುಕೊಳ್ಳುತ್ತೇನೆ.

ಯಕ್ಷಗಾನದ ರಾಮಾಯಣ ಪ್ರಸಂಗಗಳನ್ನು ಬರೆದವನು ಕುಂಬಳೆಯ ಪಾರ್ತಿಸುಬ್ಬ ಎಂಬುದು ನಮ್ಮಲ್ಲಿ ಮನೆಮಾತು. ಮುಳಿಯ ತಿಮ್ಮಪ್ಪಯ್ಯನವರು ಇದನ್ನು ಪ್ರತಿಪಾದಿಸಿದರು. ಶಿವರಾಮ ಕಾರಂತರು ಸಂಶಯ ಎತ್ತಿದರು. ಕುಕ್ಕಿಲ ಕೃಷ್ಣ ಭಟ್ಟರು ಪಾರ್ತಿಸುಬ್ಬನ ಯಕ್ಷಗಾನಗಳನ್ನು ಸಂಪಾದಿಸಿ, ಅವನ ಪರವಾಗಿ ವಾದಿಸಿದರು. ಈಗ ಒಬ್ಬ ವಿದ್ಯಾರ್ಥಿ ನಾಲ್ಕು ಪ್ರಬಂಧಗಳಲ್ಲಿ ಪಾರ್ತಿಸುಬ್ಬನ ಹೆಸರು ನೋಡಿ 'ನಾಲ್ಕು ಆಕರ ಸಿಕ್ಕಿತು' ಅನ್ನುತ್ತಾನೆ ಅಂದುಕೊಳ್ಳಿ. ನಾಲ್ಕೂ ಮುಳಿಯರನ್ನೇ ಉಲ್ಲೇಖಿಸಿದ್ದರೆ ಅದು ನಾಲ್ಕಲ್ಲ, ಒಂದೇ. ಶೋಧಗಂಗಾದಲ್ಲಿ ಹುಡುಕಿದರೆ ಪ್ರಬಂಧಗಳು ಸಿಗುತ್ತವೆ. ಅವುಗಳ ಬೇರನ್ನು ನಾವೇ ಅಗೆಯಬೇಕು.

ಅಗೆದರೆ ಏನು ಕಾಣುತ್ತದೆ? ಪ್ರಸಂಗಗಳಲ್ಲಿ ಕಣ್ವಪುರದ ಕೃಷ್ಣನ ಸ್ತುತಿಯಿದೆ. ಕಣ್ವಪುರ ಅಂದರೆ ಕುಂಬಳೆಯ ಕಣಿಪುರ. ಇದು ಗಟ್ಟಿಯಾದ ಒಳಸಾಕ್ಷ್ಯ, ಆದರೆ ಯಾವುದಕ್ಕೆ ಸಾಕ್ಷ್ಯ? ಅಂಕಿತ ಕವಿಯ ಊರನ್ನು ಸೂಚಿಸಬಹುದು, ಅವನ ಹೆಸರನ್ನು ಹೇಳುವುದಿಲ್ಲ. ಊರಿನಿಂದ ಹೆಸರಿಗೆ ಹೋಗಲು ಬೇರೊಂದು ಆಧಾರ ಬೇಕು. ಹಾಗೆಯೇ ತಾಳೆಗರಿಯ ಕೊನೆಯಲ್ಲಿರುವ ತೇದಿ ಸಾಮಾನ್ಯವಾಗಿ ಪ್ರತಿ ಮಾಡಿದವನದು, ಕೃತಿ ಹುಟ್ಟಿದ ಕಾಲದ್ದಲ್ಲ. ಬಾಯಿಮಾತಿನ ಪರಂಪರೆಗೂ ಬೆಲೆಯಿದೆ. ಆದರೆ ಅದು ಮೊದಲು ಹೇಳುವುದು ಊರು ಏನನ್ನು ನಂಬಿದೆ ಎಂಬುದನ್ನು.

ನಮಗೆ ಇದು ಬರೀ ಪಾಂಡಿತ್ಯದ ವಿಷಯ ಅಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಇಲ್ಲಿ ಕನ್ನಡ ಹಳೆಯದು ಅಂತ ತೋರಿಸಲು ನಾವು ಸಾಹಿತ್ಯವನ್ನೇ ಸಾಕ್ಷಿ ಕಟಕಟೆಗೆ ಕರೆದಿದ್ದೇವೆ. ಹಾಗಿರುವಾಗ ಕಾರಂತರ ಸಂಶಯವನ್ನು 'ಅವರು ನಮ್ಮ ಕವಿಯನ್ನು ಕಿತ್ತುಕೊಂಡರು' ಅಂತ ಓದುವುದು ಸುಲಭ. ನನ್ನ ತಕರಾರು ಈ ಓದಿನ ಬಗ್ಗೆ. ನಮಗೆ ಇಷ್ಟವಾದ ತೀರ್ಮಾನವನ್ನೇ ನಾವು ಹೆಚ್ಚು ಗಟ್ಟಿಯಾಗಿ ಪರೀಕ್ಷಿಸಬೇಕು. ಸಡಿಲ ಆಧಾರದ ಮೇಲೆ ನಿಂತ ಹೆಮ್ಮೆ ಮೊದಲ ಪಾಟೀಸವಾಲಿಗೇ ಬೀಳುತ್ತದೆ.

ಅದಕ್ಕೆ ಒಂದು ಸಲಹೆ. ಉದ್ದದ ಗ್ರಂಥಸೂಚಿ ಕೇಳುವ ಬದಲು, ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದೇ ಒಂದು ವಾಕ್ಯ ಕೊಡಿ. ಅದನ್ನು ಮೊದಲು ಹೇಳಿದವರು ಯಾರು, ಏನನ್ನು ನೋಡಿ ಹೇಳಿದರು, ಯಾರು ಒಪ್ಪಲಿಲ್ಲ, ಯಾಕೆ ಒಪ್ಪಲಿಲ್ಲ ಅಂತ ಬರೆದುಕೊಂಡು ಬರಲಿ. ಎರಡು ಪುಟ ಸಾಕು. ಮುಳಿಯ, ಕಾರಂತ, ಕುಕ್ಕಿಲ ಮೂವರನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದ ವಿದ್ಯಾರ್ಥಿಗೆ ಆಕರ ಅಂದರೇನು ಅಂತ ಬೇರೆ ಪಾಠ ಬೇಕಾಗಲಿಕ್ಕಿಲ್ಲ. ಇಷ್ಟು ಹೇಳಿ ಚರ್ಚೆಗೆ ಬಿಡುತ್ತೇನೆ.