ತೊಟ್ಟಿಗೆ ಮೊದಲಿನ ದುಡಿಮೆ

ಪ್ಲಾಸ್ಟಿಕ್ ತಿನ್ನುವ ಬ್ಯಾಕ್ಟೀರಿಯಾ ಸಿಕ್ಕಿದೆ, ಇನ್ನು ಕಸದ ಚಿಂತೆ ವಿಜ್ಞಾನಿಗಳಿಗೆ ಬಿಟ್ಟದ್ದು ಎಂಬ ಮಾತು ಓದಿದವರಲ್ಲೇ ಹೆಚ್ಚು ಕೇಳುತ್ತದೆ. ಚಿನ್ನದ ಗಣಿ ಕಂಡ ಹಟ್ಟಿಯವರಾದರೂ ಇದನ್ನು ನಂಬಬಾರದು. ಸೈನೈಡ್ ಚಿನ್ನವನ್ನು ಕರಗಿಸುತ್ತದೆ, ನಿಜ. ಅದಕ್ಕೂ ಮೊದಲು ನೆಲದಾಳಕ್ಕಿಳಿದು ಬಂಡೆ ಸಿಡಿಸಬೇಕು, ಅದಿರು ಮೇಲಕ್ಕೆತ್ತಬೇಕು, ಒಡೆದು ಹಿಟ್ಟಿನಂತೆ ಅರೆಯಬೇಕು. ಇಷ್ಟಾದ ಮೇಲೆ ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ.

ಆ ಬ್ಯಾಕ್ಟೀರಿಯಾ ಪ್ಲಾಸ್ಟಿಕ್ ಒಡೆಯಲು ಬಳಸುವ ಕಿಣ್ವದ್ದೂ ಇದೇ ಲೆಕ್ಕ. ಜಪಾನಿನ ಸಕಾಯ್‌ನಲ್ಲಿ ಸಿಕ್ಕ ಬ್ಯಾಕ್ಟೀರಿಯಾದ ಸುದ್ದಿ ಹೊರಬಂದದ್ದು 2016ರಲ್ಲಿ. ನೀರಿನ ಬಾಟಲಿಗೆ ಬಳಸುವ ಪೆಟ್ ಪ್ಲಾಸ್ಟಿಕ್ಕಿನ ತೆಳುವಾದೊಂದು ಹಾಳೆಯನ್ನು ಬಹುಪಾಲು ಕರಗಿಸಲು ಅದಕ್ಕೆ 30 ಡಿಗ್ರಿ ಶಾಖದಲ್ಲಿ ಆರು ವಾರ ಬೇಕಾಯಿತು. 2020ರಲ್ಲಿ ಫ್ರಾನ್ಸಿನ ಕಾರ್ಬಿಯೋಸ್ ಕಂಪನಿ ಮತ್ತು ತುಲೂಸ್‌ನ ಸಂಶೋಧಕರು ಬೇರೊಂದು ಕಿಣ್ವವನ್ನು ತಿದ್ದಿ, 10 ಗಂಟೆಗಳಲ್ಲಿ ಶೇ 90ರಷ್ಟು ಪೆಟ್ ಒಡೆದು ತೋರಿಸಿದರು. ದೊಡ್ಡ ಸಾಧನೆಯೇ. ಆದರೆ ಆ ಪ್ಲಾಸ್ಟಿಕ್ಕನ್ನು ಮೊದಲೇ ಕರಗಿಸಿ, ತಟ್ಟನೆ ತಣಿಸಿ, ಪುಡಿ ಮಾಡಲಾಗಿತ್ತು. ಕಿಣ್ವದೊಂದಿಗೆ ಅದನ್ನು ಬೆರೆಸಿದ ತೊಟ್ಟಿಯ ಶಾಖ 72 ಡಿಗ್ರಿ ಇತ್ತು. ನಮ್ಮ ಏಪ್ರಿಲ್ ಬಿಸಿಲಿಗೂ ಅದು ನಿಲುಕದು. ತಿಪ್ಪೆಯ ಮೇಲೆ ಸುರಿದು ಬಂದರಾಯಿತು ಎನ್ನುವಂಥದ್ದಲ್ಲ.

ಇನ್ನೂ ಮುಖ್ಯವಾದ ಮಾತಿದೆ. ಈ ಕಿಣ್ವಗಳು ಒಡೆಯುವುದು ಪೆಟ್‌ನಲ್ಲಿರುವ ಎಸ್ಟರ್ ಕೊಂಡಿಯನ್ನು. ಕ್ಯಾರಿಬ್ಯಾಗಿನ ಪಾಲಿಥೀನ್, ಸಿಂಧನೂರಿನ ಭತ್ತದ ಗದ್ದೆಗೆ ಬರುವ ಗೊಬ್ಬರ ಚೀಲದ ಪಾಲಿಪ್ರೊಪಿಲೀನ್, ಇವೆರಡರಲ್ಲೂ ಆ ಕೊಂಡಿಯೇ ಇಲ್ಲ. ಇಂಗಾಲಕ್ಕೆ ಇಂಗಾಲ ಬಿಗಿದ ಸರಪಳಿ ಅವು. ಗುಟ್ಕಾ ಚೀಟಿಯಲ್ಲಂತೂ ಹಲವು ಪದರ ಒಂದಕ್ಕೊಂದು ಅಂಟಿರುತ್ತವೆ. ಚರಂಡಿಯಲ್ಲಿ ಕಟ್ಟಿಕೊಳ್ಳುವುದು, ದನದ ಹೊಟ್ಟೆ ಸೇರುವುದು ಹೆಚ್ಚಾಗಿ ಕ್ಯಾರಿಬ್ಯಾಗು. ಕಿಣ್ವಕ್ಕೆ ಒಗ್ಗುವ ನೀರಿನ ಬಾಟಲಿಗೋ ಗುಜರಿಯಲ್ಲಿ ಈಗಾಗಲೇ ಬೆಲೆಯಿದೆ, ಆಯುವವರು ಅದನ್ನು ಬೀದಿಯಲ್ಲಿ ಬಿಡುವುದಿಲ್ಲ. ಬೆಲೆಯುಳ್ಳ ಕಸಕ್ಕೆ ಮದ್ದು ಸಿಕ್ಕಿದೆ, ಬೆಲೆಯಿಲ್ಲದ್ದು ಹಾಗೇ ಬಿದ್ದಿದೆ.

ಹಾಗೆಂದು ಕಿಣ್ವ ವ್ಯರ್ಥವೆನ್ನಲಾರೆ. ಬಣ್ಣದ ಪೆಟ್, ಹಳೆಯ ಪಾಲಿಯೆಸ್ಟರ್ ಬಟ್ಟೆ, ಇವನ್ನು ಕರಗಿಸಿ ಮತ್ತೆ ಎಳೆ ತೆಗೆದರೆ ಗುಣ ಕೆಡುತ್ತದೆ. ಮೂಲ ಅಣುಗಳಿಗೇ ಇಳಿಸುವ ಕಿಣ್ವಕ್ಕೆ ಅಲ್ಲಿ ನಿಜವಾದ ಕೆಲಸವಿದೆ. ನನ್ನ ತಕರಾರು ಕಾಯುವುದರ ಬಗ್ಗೆ. ಕರ್ನಾಟಕ 2016ರಲ್ಲೇ ಕ್ಯಾರಿಬ್ಯಾಗ್ ನಿಷೇಧಿಸಿತು, 2022ರ ಜುಲೈ 1ರಿಂದ ದೇಶದಲ್ಲೆಲ್ಲ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ಮೇಲೆ ನಿಷೇಧ ಬಂತು. ಸಂತೆಗೆ ಹೋದರೆ ಬದನೆಕಾಯಿ ಇನ್ನೂ ಅದೇ ಚೀಲದಲ್ಲಿ ಕೈಗೆ ಬರುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳಲ್ಲಿ ಹಸಿ ಕಸ, ಒಣ ಕಸ ಮನೆಯಲ್ಲೇ ಬೇರೆಯಾಗಬೇಕು. ಅದನ್ನು ವಿಂಗಡಿಸುವ ಹೆಂಗಸರಿಗೆ ಮೇಲೊಂದು ಸೂರು, ಕೈಗೆ ಗವಸು, ತಿಂಗಳಿಗೆ ಸರಿಯಾದ ಸಂಬಳ ಸಿಗಬೇಕು. ನಾಳೆ ಕಿಣ್ವದ ಕಾರ್ಖಾನೆ ಬಂದರೂ ಅದರ ಅದಿರನ್ನು ಮೇಲಕ್ಕೆತ್ತುವವರು ಇವರೇ.